ಪರಂಗಿ ದಂಟಿನ ನಾಲೆ

ಸಿದ್ದಮಲ್ಲಪ್ಪ ಮಾಡಿದ ತಪ್ಪು ಒಂದೇ. ತೂಬುಗಳಿಗೆ ನಂಬರು ಹಾಕಿ ಸುಮ್ಮನಿರದೆ ಊರುಗಳ ಹೆಸರು ಬರೆದುಬಿಟ್ಟ. ಬರೆದದ್ದಾದರೂ ಹೇಗೆ, ಕನ್ನಡದಲ್ಲಿ, ದುಂಡಗೆ, ರಸ್ತೆಯಲ್ಲಿ ಹೋಗುವವರಿಗೂ ಕಾಣುವ ಹಾಗೆ.

ಅವನು ಕೃಷ್ಣರಾಜನಗರದ ನಾಲಾ ಕಚೇರಿಯಲ್ಲಿ ಜೂನಿಯರ್ ಎಂಜಿನಿಯರು. ಕಚೇರಿಯ ಹಿಂದಿನ ಅಂಗಳದಲ್ಲಿ ಇಟ್ಟಿಗೆ, ಗಾರೆ ಹಾಕಿ ಒಂದು ಪುಟ್ಟ ನಾಲೆ ಕಟ್ಟಿದ್ದ. ಹೊಳೆಯಿಂದ ಬರುವ ನಾಲೆಯ ಒಂದು ಕವಲಿನ ಪಡಿಯಚ್ಚು ಅದು. ಅಲ್ಲಿ ಮೈಲಿಗಟ್ಟಲೆ ಹರಿಯುವುದು ಇಲ್ಲಿ ಬಾವಿಕಟ್ಟೆಯಿಂದ ಕಾಂಪೌಂಡು ಗೋಡೆಯವರೆಗೆ ಹರಿಯುತ್ತಿತ್ತು. ಬಾವಿಕಟ್ಟೆಯ ಮೇಲಿನ ಡ್ರಮ್ಮೇ ಕಾವೇರಿ. ನಾಲೆಯಲ್ಲಿ ಜೊಂಡು ಬೆಳೆದ ಕಡೆ ತೆಂಗಿನ ನಾರು ಅಂಟಿಸಿದ್ದ, ದಂಡೆ ಒರಟಾಗಿರುವ ಕಡೆ ಮರಳು ಮೆತ್ತಿದ್ದ. ತೂಬಿಗೆ ಹಿತ್ತಾಳೆ ಕೊಳವೆ ಬೇಕೆಂದು ಕೇಳಿ ಕೇಳಿ ಸಾಕಾಗಿ, ಪಕ್ಕದ ಮನೆಯ ನೀಲಾಂಬಿಕೆಯ ಪರಂಗಿ ಗಿಡದ ಎಲೆದಂಟು ಕತ್ತರಿಸಿ ಸಿಕ್ಕಿಸಿದ್ದ. ಒಂದೊಂದು ತೂಬಿನ ಕೆಳಗೂ ಒಂದೊಂದು ತಗಡಿನ ತಟ್ಟೆ. ತಟ್ಟೆಯೇ ಆ ಊರಿನ ಗದ್ದೆ.

ಇಷ್ಟೆಲ್ಲ ಪಾಡು ಕಂಪ್ಯೂಟರಿನ ಸಲುವಾಗಿ. ಆ ಕವಲಿನಲ್ಲಿ ಮೂರು ಊರು: ತಲೆಯಲ್ಲಿ ಹುಣಸೆಕೊಪ್ಪಲು, ನಡುವೆ ಬಸವನದೊಡ್ಡಿ, ಕೊನೆಯಲ್ಲಿ ಬೋರೆಕೊಪ್ಪಲು. ಬೋರೆಕೊಪ್ಪಲಿಗೆ ಗದ್ದೆ ತುಂಬ ನೀರು ಹೋಗಲೇಬೇಕು ಎಂದು ಬೆಂಗಳೂರಿನ ಕಂಪ್ಯೂಟರು ಲೆಕ್ಕ ಹಾಕಿ ಹೇಳಿತ್ತು. ಬೋರೆಕೊಪ್ಪಲಿನ ಗದ್ದೆಗೆ ಮಾತ್ರ ಆ ವಿಷಯ ಇನ್ನೂ ತಿಳಿದಿರಲಿಲ್ಲ, ಅದು ಒಣಗಿಯೇ ಇತ್ತು. ಲೆಕ್ಕ ತಪ್ಪೋ, ನಾಲೆ ತಪ್ಪೋ ಎಂದು ನೋಡಲು ಈ ಮಾದರಿ. "ನಿಮ್ಮ ಮಾದರಿ ತಾಳೆ ಬಂದರೆ ನಿಮ್ಮನ್ನ ಬೆಂಗಳೂರಿನ ಕಂಪ್ಯೂಟರ್ ವಿಭಾಗಕ್ಕೇ ಕಳಿಸೋದನ್ನ ಯೋಚನೆ ಮಾಡೋಣ ಕಣ್ರೀ" ಎಂದಿದ್ದರು ದೊಡ್ಡ ಸಾಹೇಬರಾದ ನೀಲಕಂಠಸ್ವಾಮಿಯವರು.

ಸಿದ್ದಮಲ್ಲಪ್ಪನಿಗೆ ಬೇಕಾಗಿದ್ದದ್ದೂ ಅದೇ. ಈ ಲೆಕ್ಕದ ಕಾರ್ಡುಗಳನ್ನು ಹೊತ್ತುಕೊಂಡು ಒಮ್ಮೆ ಅಲ್ಲಿಗೆ ಹೋಗಿದ್ದ. ತಣ್ಣನೆಯ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ತೂತು ಹೊಡೆದ ಕಾರ್ಡು ಕೊಟ್ಟರೆ ಯಂತ್ರ ಗುಂಯ್‌ಗುಟ್ಟುತ್ತಾ ನುಂಗಿಕೊಳ್ಳುತ್ತದೆ. ಯಾವ ಊರು ಎಂದು ಕೇಳುವುದಿಲ್ಲ, ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಕೇಳುವುದಿಲ್ಲ. ಇಲ್ಲಾದರೋ ಒಂದು ಮೊಳೆ ಹೊಡೆದರೂ ನಾಲ್ಕು ಜನ ನಿಂತು ಹಂಗಲ್ಲ ಹಿಂಗೆ ಅನ್ನುತ್ತಾರೆ. ಇದ್ದರೆ ಅಂಥ ಯಂತ್ರದ ಜೊತೆ ಇರಬೇಕು ಎಂದು ಅವನು ಅವತ್ತೇ ತೀರ್ಮಾನಿಸಿದ್ದ.

ಸಾಹೇಬರು ಬರುವ ದಿನ ಬೆಳಿಗ್ಗೆ ಡ್ರಮ್ಮಿನ ನಲ್ಲಿ ತಿರುಗಿಸಿ ನೋಡಿದ. ನೀರು ಹುಣಸೆಕೊಪ್ಪಲಿಗೆ ಎಷ್ಟು ಬೇಕೋ ಅಷ್ಟು ಕೊಟ್ಟು, ಬಸವನದೊಡ್ಡಿಗೆ ಅದರ ಪಾಲು ಕೊಟ್ಟು, ಬೋರೆಕೊಪ್ಪಲಿನ ತಟ್ಟೆಯನ್ನು ಅಂಚಿನವರೆಗೆ ತುಂಬಿತು. ಕಂಪ್ಯೂಟರು ಹೇಳಿದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಿದ್ದಮಲ್ಲಪ್ಪ ನಲ್ಲಿ ಮುಚ್ಚಿ, ತಟ್ಟೆಗಳ ನೀರು ಚೆಲ್ಲಿ ಮತ್ತೆ ಜೋಡಿಸಿಟ್ಟು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾವಿಕಟ್ಟೆಯ ಸುತ್ತ ಒಂದು ಸುತ್ತು ಕುಣಿದ.

ಕುಣಿದು ತಿರುಗಿದರೆ ಹುಣಸೆಕೊಪ್ಪಲಿನ ಯಜಮಾನ ಚಿಕ್ಕಣ್ಣ ನಿಂತಿದ್ದ. ಏನೋ ಕೆಲಸಕ್ಕೆಂದು ಕಚೇರಿಗೆ ಬಂದವನ ಕಣ್ಣಿಗೆ ತನ್ನ ಊರ ಹೆಸರು ಬಿದ್ದಿತ್ತು.

"ಏನ್ ಸ್ವಾಮಿ ಇದು?"

"ನಿಮ್ಮ ನಾಲೇನೇ ಚಿಕ್ಕಣ್ಣನೋರೆ. ಸಣ್ಣದು ಮಾಡಿದೀನಿ."

"ಯಾರ್ನ ಕೇಳಿ ಸಣ್ಣದು ಮಾಡುದ್ರಿ?"

"ಅಯ್ಯೋ, ಇದು ಬರೀ ಲೆಕ್ಕಕ್ಕೆ. ಬೊಂಬೆ ಇದ್ದ ಹಾಗೆ."

ಚಿಕ್ಕಣ್ಣ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ದಂಟು ಮುಟ್ಟಿ ನೋಡಿದ. "ಬಸವನದೊಡ್ಡೀದು ದಪ್ಪ ಐತೆ. ನಮ್ದು ನರಪೇತಲ ನಾರಾಯಣ ಆಗೈತೆ."

"ಅವರ ಗದ್ದೆ ಜಾಸ್ತಿ, ಅದಕ್ಕೆ."

"ಗದ್ದೆ ಜಾಸ್ತಿ ಆದ್ರೆ ಏನಾಯ್ತು? ನಾಲೆ ಮೊದ್ಲು ಬರಾದು ನಮ್ಮೂರ್ಗೆ. ಬೊಂಬೇಲೇ ಇಷ್ಟು ಕೊಟ್ಟೋರು ನಾಳೆ ನಾಲೇಲಿ ಎಷ್ಟು ಕೊಟ್ಟೀರಿ?"

ಸಿದ್ದಮಲ್ಲಪ್ಪ ಸಾಹೇಬರಿಗೆ ಕುರ್ಚಿ ತರಲು ಒಳಗೆ ಹೋದ. ಬರುವಷ್ಟರಲ್ಲಿ ಹುಣಸೆಕೊಪ್ಪಲಿನ ತೂಬಿನಲ್ಲಿ ಹೆಬ್ಬೆರಳು ಗಾತ್ರದ ದಂಟು ಕೂತಿತ್ತು, ಡ್ರಮ್ಮಿನ ನಲ್ಲಿ ತೆರೆದಿತ್ತು, ತಟ್ಟೆ ತುಂಬಿ ಅಂಗಳಕ್ಕೆ ಹರಿಯುತ್ತಿತ್ತು. ಚಿಕ್ಕಣ್ಣ ಗೋಡೆಗೆ ಒರಗಿ, ಮಗುವಿನ ಮುಖ ಮಾಡಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಯಾರ್ಲಾ ನನ್ ಪರಂಗಿ ಗಿಡಕ್ಕೆ ಕೈ ಇಕ್ಕಿದೋನು?" ಎನ್ನುತ್ತಾ ನೀಲಾಂಬಿಕೆ ಬೇಲಿ ದಾಟಿ ಬಂದಳು. ಅವಳ ಸಿಟ್ಟು ಗಿಡದಿಂದ ತೂಬಿಗೆ, ತೂಬಿನಿಂದ ಊರ ಹೆಸರಿನ ಫಲಕಕ್ಕೆ ಹೋಗಿ ಅಲ್ಲೇ ನಿಂತಿತು. "ಬಸವನದೊಡ್ಡಿ! ನನ್ ತವರೂರು ಅಲ್ವಾ ಇದು! ನಮ್ಮಪ್ಪನ ಗದ್ದೆ ಎಲ್ಲಿ ಬತ್ತದೆ ಸ್ವಾಮಿ?"

ಸಿದ್ದಮಲ್ಲಪ್ಪ ಒಳ್ಳೆಯವನು. ಕೇಳಿದ್ದಕ್ಕೆ ಉತ್ತರ ಕೊಡುವುದು ಅವನ ದೌರ್ಬಲ್ಯ. ತಟ್ಟೆಯ ಮೂಲೆಯೊಂದನ್ನು ಬೆರಳಿಟ್ಟು ತೋರಿಸಿದ. ಆ ಮೂಲೆಗೆ ನೀರು ಹತ್ತಿರಲಿಲ್ಲ.

ನೀಲಾಂಬಿಕೆ ನೇರ ಮನೆಗೆ ಹೋಗಿ ಬಿಸಿಬಿಸಿ ರಾಗಿ ಮುದ್ದೆ ತಂದಳು. ತನ್ನ ತವರಿನ ತೂಬಿನ ಕೆಳಗೆ, ನಾಲೆಗೆ ಅಡ್ಡಲಾಗಿ, ಮುದ್ದೆಯನ್ನು ಒತ್ತಿ ಕೂರಿಸಿ ಎರಡು ಸಲ ತಟ್ಟಿದಳು. ಅಡ್ಡಗಟ್ಟೆ ಹಾಕಲು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನೀರು ಏರಿ ಅವಳಪ್ಪನ ಗದ್ದೆ ಮುಳುಗಿತು.

"ಅಮ್ಮಾ, ದಮ್ಮಯ್ಯ, ಮುದ್ದೆ ತೆಗೀರಿ! ಸಾಹೇಬರು ಬರ್ತಾರೆ!"

"ಚಿಕ್ಕಣ್ಣ ದಂಟು ತೆಗೀಲಿ, ನಾನು ಮುದ್ದೆ ತೆಗೀತೀನಿ."

"ಮೊದ್ಲು ಮುದ್ದೆ ತೆಗೀಲಿ, ಆಮ್ಯಾಕೆ ದಂಟಿನ್ ಮಾತು" ಎಂದ ಚಿಕ್ಕಣ್ಣ.

ಸಿದ್ದಮಲ್ಲಪ್ಪ ದಂಟು ಬದಲಾಯಿಸಿದರೆ ಮುದ್ದೆ ದಪ್ಪವಾಗುತ್ತಿತ್ತು. ಮುದ್ದೆ ಕೀಳಲು ಹೋದರೆ ಹಿಂದೆ ದಂಟು ದಪ್ಪವಾಗುತ್ತಿತ್ತು. ಎದುರಿನ ಟೀ ಅಂಗಡಿ ಖಾಲಿಯಾಗಿ ಅಂಗಳ ತುಂಬಿತು. ಬಂದವರು ಆಯಾ ಊರಿನ ನೆಂಟಸ್ತಿಕೆ ನೋಡಿಕೊಂಡು ಆಯಾ ದಂಡೆಯಲ್ಲಿ ನಿಂತರು. ಯಾವ ಊರಿಗೂ ಸೇರದವರು ಎರಡೂ ಕಡೆಯವರಿಗೆ ಬುದ್ಧಿ ಹೇಳತೊಡಗಿದರು.

ಆಗ ಬಂದವನು ಬೋರೆಕೊಪ್ಪಲಿನ ನೀರುಗಂಟಿ ಚಿಕ್ಕಮಾದಯ್ಯ. ಊರಿಗೆ ನೀರು ಹಂಚುವುದು ಅವನ ಕೆಲಸ. ಹಂಚಲು ನೀರೇ ಇಲ್ಲದ್ದರಿಂದ, ಬಂದಿಲ್ಲ ಎಂದು ಕಚೇರಿಗೆ ಹೇಳಿಹೋಗುವುದೇ ಕೆಲಸವಾಗಿತ್ತು. ಗುಂಪಿನೊಳಗೆ ತೂರಿ ತನ್ನ ಊರಿನ ಫಲಕ ನೋಡಿದ. ಅದರ ಕೆಳಗಿನ ತಟ್ಟೆ ಬಿಸಿಲಿಗೆ ಒಣಗಿ ಕಾದಿತ್ತು.

"ಇಲ್ಲೂ ನಮ್ಗಿಲ್ವಾ ಸ್ವಾಮಿ?" ಎಂದ.

ಚಿಕ್ಕಮಾದಯ್ಯ ಕಾಯಲಿಲ್ಲ. ಬಾವಿಕಟ್ಟೆ ಹತ್ತಿ ಕಾವೇರಿಯ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಪ್ರವಾಹ ಬಂತು. ಹುಣಸೆಕೊಪ್ಪಲು ತೇಲಿತು, ಮುದ್ದೆ ಮಿಸುಕಲಿಲ್ಲ, ಬಸವನದೊಡ್ಡಿಗಿಂತ ಮೇಲೆ ದಂಡೆ ಒಡೆದು, ಬೇಲಿಯಾಚೆ ಚಾಪೆಯ ಮೇಲೆ ಒಣಗುತ್ತಿದ್ದ ನೀಲಾಂಬಿಕೆಯ ಸಂಡಿಗೆಯನ್ನೆಲ್ಲ ನೀರು ಎತ್ತಿಕೊಂಡು ಹೋಯಿತು. ಬೋರೆಕೊಪ್ಪಲಿಗೆ ಮಾತ್ರ ಒಂದು ತೊಟ್ಟೂ ತಲುಪಲಿಲ್ಲ. ನೀಲಾಂಬಿಕೆ ಸಂಡಿಗೆ ಬಳಿಯುವ ಸಟ್ಟುಗ ಹಿಡಿದು ಚಿಕ್ಕಮಾದಯ್ಯನನ್ನು ಅಂಗಳದ ಸುತ್ತ ಅಟ್ಟಾಡಿಸಿದಳು.

ಸಿದ್ದಮಲ್ಲಪ್ಪ ಕೆಸರಿನಲ್ಲಿ ಕೂತುಬಿಟ್ಟ. ಜೀಪಿನ ಸದ್ದು ಕೇಳಿದ ಕೂಡಲೇ ಹಿಂದಿನ ಬಾಗಿಲಿಂದ ಓಡಿಹೋಗುವುದೆಂದು ನಿಶ್ಚಯಿಸಿದ. ಆದರೆ ಜೀಪು ಬರಲಿಲ್ಲ, ಎತ್ತಿನ ಗಾಡಿ ಬಂತು. ಅದರಿಂದ ಮಂಡಿಯವರೆಗೆ ಕೆಸರಾದ ನೀಲಕಂಠಸ್ವಾಮಿಯವರು ಇಳಿದರು.

ಸಾಹೇಬರು ಹುಣಸೆಕೊಪ್ಪಲಿನ ದಂಟು ನೋಡಿದರು. ಮುದ್ದೆ ನೋಡಿದರು. ಒಡೆದ ದಂಡೆ ನೋಡಿದರು. ಒಣಗಿದ ತಟ್ಟೆಯೊಳಗೆ ಬೆರಳಾಡಿಸಿ ನೋಡಿದರು.

"ಸಾರ್, ಬೆಳಿಗ್ಗೆ ಎಲ್ಲ ಸರಿಯಾಗಿತ್ತು ಸಾರ್..." ಎಂದು ಸಿದ್ದಮಲ್ಲಪ್ಪ ಅಳುವ ಹಾಗಾದ.

"ಏನ್ರೀ ಇದು ಸಿದ್ದಮಲ್ಲಪ್ಪ!" ಎಂದರು ಸಾಹೇಬರು. "ಹುಣಸೆಕೊಪ್ಪಲ ಹತ್ತಿರ ನೀರು ರಸ್ತೆಗೆ ಹರಿದು ನನ್ನ ಜೀಪು ಹೂತುಹೋಯ್ತು. ಬೋರೆಕೊಪ್ಪಲಲ್ಲಿ ಗಾಡಿ ಸಿಗೋವರೆಗೂ, ಮೊದಲನೇ ಸಲ ನಾಲೆ ಏರಿ ಮೇಲೆ ನಡೆದು ಬಂದೆ ಕಣ್ರೀ. ಅಲ್ಲಿ ತೂಬು ಕಿತ್ತು ದೊಡ್ಡ ಕೊಳವೆ ಹಾಕಿದಾರೆ. ಆಮೇಲೆ ಒಂದು ಕಡೆ ದಂಡೆ ಒಡೆದು ಯಾರದೋ ಮೆಣಸಿನ ತೋಟ ಕೊಚ್ಚಿಹೋಗಿದೆ. ಬಸವನದೊಡ್ಡೀಲಿ ನಾಲೆಗೇ ಅಡ್ಡಗಟ್ಟೆ. ಬೋರೆಕೊಪ್ಪಲಲ್ಲಿ ದನ ಬಾಯಿ ಒದ್ದೆ ಮಾಡಿಕೊಳ್ಳೋಕೂ ನೀರಿಲ್ಲ. ನೀವು ಒಂದನ್ನೂ ಬಿಟ್ಟಿಲ್ಲವಲ್ರೀ! ಎಲ್ಲ ಹಾಗ್‌ಹಾಗೇ ಇದೆಯಲ್ರೀ!"

ಸಾಹೇಬರು ಬಗ್ಗಿ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿದರು.

"ಈ ಅಡ್ಡಗಟ್ಟೆ ಯಾವ ಪದಾರ್ಥದ್ದು?"

"ರಾಗಿ ಮುದ್ದೆ ಸಾರ್."

"ಭೇಷ್! ಜೇಡಿಮಣ್ಣಿನ ಗುಣ ಹಾಗೇ ಬಂದಿದೆ. ಜಿನುಗುತ್ತೆ, ಆದರೆ ಕದಲೋದಿಲ್ಲ. ಯಾರ ಯೋಚನೆ ಇದು?"

"ನಂದೇ ಸ್ವಾಮಿ" ಎಂದಳು ನೀಲಾಂಬಿಕೆ, ಸಟ್ಟುಗ ಬೆನ್ನ ಹಿಂದೆ ಬಚ್ಚಿಟ್ಟು.

"ಆ ದಪ್ಪ ದಂಟು ಇಕ್ಕಿದ್ದು ನಾನು!" ಎಂದು ಚಿಕ್ಕಣ್ಣ ಮುಂದೆ ನುಗ್ಗಿದ. ಗಳಿಗೆ ಮುಂಚೆ ಮಗುವಿನ ಮುಖ ಹೊತ್ತವನು ಈಗ ಎದೆ ಸೆಟೆಸಿ ನಿಂತಿದ್ದ. ನೀರು ತಿರುಗಿಸಿದ್ದು ನಾನು ಎಂದು ಚಿಕ್ಕಮಾದಯ್ಯ ಕೈ ಎತ್ತಿದ. ಏನೂ ಮಾಡದವರೂ ನಾವು ಇಲ್ಲೇ ಇದ್ದೆವು ಎಂದರು.

ಸಾಹೇಬರು ಕಣ್ಣರಳಿಸಿದರು. "ಆಯಾ ಊರಿನವರನ್ನೇ ಕರೆಸಿ ಮಾಡಿಸಿದ್ರಾ? ನೀರು, ಗಾರೆ, ಜೊಂಡು ಎಲ್ಲ ಕಂಪ್ಯೂಟರಿಗೆ ಹೇಳಿದ್ವಿ. ಜನಾನ ಹೇಳೋದೇ ಮರೆತಿದ್ವಿ!"

ಸಿದ್ದಮಲ್ಲಪ್ಪ ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ. "ಹೌದು ಸಾರ್, ಜನಾನೂ ಸೇರಿಸಿದೆ ಸಾರ್" ಎಂದಾಗ ಅವನ ಕಿವಿ ಕೆಂಪಾಯಿತು. ಚಪ್ಪಾಳೆ ಬಿತ್ತು.

"ಬೇಸಗೆಯೊಳಗೆ ಮೂರೂ ಊರಿಗೆ ಅಲುಗಾಡಿಸೋಕಾಗದ ಕಾಂಕ್ರೀಟ್ ತೂಬು ಹಾಕಿಸ್ತೀನಿ. ಮೇಲಿನವರು ಆಗಲ್ಲ ಅಂದರೆ ಇಲ್ಲಿಗೇ ಕರೆದುಕೊಂಡು ಬಂದು ಈ ತಟ್ಟೆ ತೋರಿಸ್ತೀನಿ" ಎಂದರು ಸಾಹೇಬರು. ಚಿಕ್ಕಮಾದಯ್ಯ ಓಡಿಬಂದು ಸಿದ್ದಮಲ್ಲಪ್ಪನನ್ನು ಅನಾಮತ್ತಾಗಿ ಹೆಗಲ ಮೇಲೆ ಎತ್ತಿಕೊಂಡ. "ನಮ್ಮೂರ್ಗೆ ನೀರ್ ತಂದೋನು ಕಣ್ರಪ್ಪೋ!" ಎಂದು ಅಂಗಳದ ತುಂಬ ಸುತ್ತಿದ. ಟೀ ಅಂಗಡಿಯವನು ಎಲ್ಲರಿಗೂ ಟೀ ಕೊಟ್ಟ. ಚಿಕ್ಕಣ್ಣ ಕೂಡ, ತನ್ನೂರಿನ ಕೊಳವೆಯೇ ಸಣ್ಣದಾಗುತ್ತದೆಂಬುದು ಇನ್ನೂ ಹೊಳೆಯದೆ, ಜೋರಾಗಿ ಜೈ ಅಂದ. ಸಿದ್ದಮಲ್ಲಪ್ಪನಿಗೆ ಹೆಗಲ ಮೇಲಿಂದ ಬೆಂಗಳೂರೇ ಕಾಣುವ ಹಾಗಾಯಿತು. ಜನ್ಮದಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

ಕೆಳಗಿಳಿದ ಮೇಲೆ ಸಾಹೇಬರ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ಸಾರ್, ಆ ಕಂಪ್ಯೂಟರ್ ವಿಭಾಗದ ವಿಷಯ..."

"ಅಲ್ಲಿಗಾ? ನಿಮ್ಮನ್ನಾ?" ಸಾಹೇಬರು ಬೆನ್ನು ತಟ್ಟಿದರು. "ನಿಮ್ಮಂಥೋರನ್ನ ಆ ಕೋಣೇಲಿ ಕೂಡಿಹಾಕೋದಾ? ಅಲ್ಲಿಗೆ ಯಾರನ್ನಾದರೂ ಕಳಿಸಬಹುದು ಕಣ್ರೀ. ಈ ಜನರನ್ನ ಕಾರ್ಡಲ್ಲಿ ತೂತು ಹೊಡೆದು ಹಾಕೋಕಾಗುತ್ತಾ? ಇವರು ಇಲ್ಲೇ ಇರಬೇಕು, ಇವರ ಜೊತೆ ನೀವೂ ಇರಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಎಲ್ಲ ಕಡೆಯ ನಾಲೇನೂ ಹೀಗೇ ಇಲ್ಲೇ ಕಟ್ಟಿ. ಆಯಾ ಊರಿನವರನ್ನ ಕರೆಸಿ. ನೀವು ರಿಟೈರ್ ಆಗೋವರೆಗೂ ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಿಸದ ಹಾಗೆ ನಾನು ನೋಡ್ಕೋತೀನಿ."

ಗಾಡಿ ಹೋಯಿತು. ನೀಲಾಂಬಿಕೆ ಇನ್ನಷ್ಟು ರಾಗಿ ಬೀಸಬೇಕೆಂದು ಮನೆಗೆ ಹೊರಟಳು. ಸಿದ್ದಮಲ್ಲಪ್ಪ ಒಡೆದ ದಂಡೆಯ ಪಕ್ಕ ನಿಂತೇ ಇದ್ದ. ಚಿಕ್ಕಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ.

"ನಾಳೆ ಎಷ್ಟೊತ್ಗೆ ನೀರು ಬುಡ್ತೀರಿ ಸ್ವಾಮಿ?"

"ಒಂಬತ್ತಕ್ಕೆ" ಎಂದ ಸಿದ್ದಮಲ್ಲಪ್ಪ. ಒಡೆದ ದಂಡೆಗೆ ಮೆತ್ತಲು ಗಾರೆ ಕಲಸತೊಡಗಿದ.