ಮೂರು ಹೊತ್ತು ಸೇದಬೇಕು

ಅಜ್ಜ: ಸುಳ್ಳು ಅಂತೀಯಾ? ಓದು ಮಾರಾಯ, ನೀನೇ ಓದು. ಡಾಕ್ಟರ ಕೈಬರಹ. "ದಿನಕ್ಕೆ ಮೂರು ಹೊತ್ತು, ನಿಧಾನವಾಗಿ, ಎದೆ ತುಂಬ ಸೇದಬೇಕು."

ಅಂಗಡಿಯವನು: (ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ) ಬರೆದಿರೋದೇನೋ ನಿಜ. ಆದ್ರೆ ತಂಬಾಕು ಬಿಡಿ ಅನ್ನೋ ಡಾಕ್ಟರನ್ನ ನೋಡಿದೀನಿ, ಸೇದಿ ಅನ್ನೋರನ್ನ ನೋಡಿಲ್ಲ. ಇವರು ಓದಿದ್ದೆಲ್ಲಿ, ನನ್ನ ಅಂಗಡೀಲಾ?

ಅಜ್ಜ: ದೊಡ್ಡ ಡಾಕ್ಟರು ಕಣಯ್ಯ. ಒಂದೇ ಒಂದು ತಪ್ಪು ಮಾಡಿದಾರೆ. ಸಾದಾನೋ ಪರಿಮಳದ್ದೋ ಅಂತ ಬರೆಯೋದು ಮರೆತಿದಾರೆ.

ಅಜ್ಜ ನಲವತ್ತು ವರ್ಷ ಬ್ಯಾಂಡಿನಲ್ಲಿ ತುತ್ತೂರಿ ಊದಿದವರು. ನಿವೃತ್ತಿಯಾದ ಮೇಲೆ ಊದಲು ಉಳಿದದ್ದು ತಮ್ಮ ತುತ್ತೂರಿ ಮಾತ್ರ. ಈಗ ಅವರಿಗೆ ಹರ್ನಿಯಾ. ಸೋಮವಾರ ಡಾಕ್ಟರು ಉಸಿರು ನೋಡುತ್ತಾರೆ. ಗಟ್ಟಿಯಿದ್ದರೆ ಆಪರೇಷನ್ನು, ಇಲ್ಲದಿದ್ದರೆ ಮುಂದಕ್ಕೆ. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ. ಭಾರವೆಂದರೆ ಮೂರು ವರ್ಷದ ಮೊಮ್ಮಗಳು. ಅವಳು ದಿನಾ ಬೆಳಿಗ್ಗೆ ಎರಡೂ ಕೈ ಎತ್ತಿ ಎದುರಿಗೆ ನಿಂತಾಗ ಅಜ್ಜ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವವರಂತೆ ನಟಿಸುತ್ತಾರೆ. ಕಾಲಲ್ಲಿರುವುದು ಚಪ್ಪಲಿ.

ಉಸಿರಿಗೆ ಬಲ ಬರಲೆಂದು ಡಾಕ್ಟರು ಒಂದು ಪ್ಲಾಸ್ಟಿಕ್ ಯಂತ್ರ ಕೊಟ್ಟಿದ್ದರು: ಮೂರು ಕೊಳವೆ, ಒಳಗೆ ಮೂರು ಗೋಲಿ, ಬಾಯಿಗೊಂದು ನಳಿಗೆ. ಅಜ್ಜ ಮೂರು ದಿನ ಊದಿದರು. ಗೋಲಿಗಳು ಮಿಸುಕಲಿಲ್ಲ. ತಮ್ಮ ಉಸಿರಿಗೆ ಜಗ್ಗದ ಯಂತ್ರ ಕೆಟ್ಟೇ ಇರಬೇಕೆಂದು ಅದನ್ನು ಬೀರುವಿನ ಹಿಂದಕ್ಕೆ ತಳ್ಳಿದರು. ಚೀಟಿಯಲ್ಲಿದ್ದ "ಸೇದಬೇಕು" ಕಣ್ಣಿಗೆ ಬಿದ್ದದ್ದು ಆಮೇಲೆ. ಮನಸ್ಸಿನ ಒಂದು ಮೂಲೆ ಅನುಮಾನಪಟ್ಟಿತು; ಉಳಿದ ಮೂರು ಮೂಲೆಗಳು ತಂಬಾಕಿನ ಅಂಗಡಿಯ ದಾರಿ ಹಿಡಿದವು.

ಅಂಗಡಿಯವನು: (ಪೈಪ್ ತಂಬಾಕಿನ ಗಾಜಿನ ಭರಣಿಗಳನ್ನು ಮುಂದಕ್ಕೆ ತಳ್ಳುತ್ತ) ಬರೆಯದಿದ್ರೂ ತಿಳಿಯಲ್ವಾ? ಪರಿಮಳದ್ದೇ. ಇದು ಚೆರ್ರಿ, ಇದು ಜೇನು, ಇದು ವೆನಿಲಾ. ಡಾಕ್ಟರು ಹಣ್ಣು ತಿನ್ನಿ ಅಂತಾರೋ ಇಲ್ವೋ?

ಅಜ್ಜ: ಸೊಪ್ಪು ತಿನ್ನಿ ಅಂತಾರೋ ಇಲ್ವೋ? ನನ್ನದೇನು? ಹೊಗೆಸೊಪ್ಪು! ಹೆಸರಲ್ಲೇ ಸೊಪ್ಪಿದೆ. ಬೆರಕೆ ಇಲ್ಲ, ಬಣ್ಣ ಇಲ್ಲ.

ಅಂಗಡಿಯವನು: ಆ ಸೊಪ್ಪಿನ ಕೆಮ್ಮು ಕೇಳಿ ನಿಮ್ಮ ಎದುರುಮನೆಯವರು ಬೆಳಿಗ್ಗೆ ಗಡಿಯಾರ ಸರಿಮಾಡ್ಕೋತಾರಂತೆ.

ಅಜ್ಜ: ನಿನ್ನ ಹಣ್ಣು ನಾಲಿಗೆ ಸುಡುತ್ತೆ. ಸಕ್ಕರೆ ಪಾಕಕ್ಕೆ ಬೆಂಕಿ ಇಟ್ರೆ ಇನ್ನೇನಾಗುತ್ತೆ? ಘಮ್ ಅಂತಿದೆ ಅಂತ ಎರಡು ದಮ್ಮು ಜಾಸ್ತೀನೇ ಎಳೀತೀಯ. ನಮ್ಮ ಸೋದರಮಾವ ಬರೀ ಸಾದಾ ಸೇದಿ ನೂರ ಮೂರು ವರ್ಷ ಬಾಳಿದ.

ಅಂಗಡಿಯವನು: ಹೋಗಿದ್ದು ಹೇಗೆ?

ಅಜ್ಜ: ಹೊಗೆಯಿಂದಲ್ಲಪ್ಪ. ಏಣಿಯಿಂದ ಬಿದ್ದು.

ಅಂಗಡಿಯವನು: ನೂರ ಮೂರರಲ್ಲಿ ಏಣಿ ಯಾಕೆ ಹತ್ತಿದ್ರು?

ಅಜ್ಜ: ನಮ್ಮತ್ತೆ ಪೈಪನ್ನ ಅಟ್ಟದ ಮೇಲೆ ಬಚ್ಚಿಟ್ಟಿದ್ಲು.

ಅಂಗಡಿಯವನು: ಹಾಗಾದ್ರೆ ಹೊಗೆನೇ ಕೊಂದಿದ್ದು!

ಅಜ್ಜ: ಅಲ್ಲ, ಅತ್ತೆ.

ಅಂಗಡಿಯವನು: ಆಯ್ತು, ನಿಮ್ಮ ವಿಷಯಕ್ಕೆ ಬನ್ನಿ. ನನ್ನ ಅಂಗಡಿಗೆ ಎರಡೇ ಎರಡು ಮೆಟ್ಟಿಲು. ಒಂದನ್ನ ಹತ್ತಿ, ಇನ್ನೊಂದರ ಮೇಲೆ ಕೂತ್ಕೊಂಡ್ರಿ.

ಅಜ್ಜ: ನನ್ನ ಉಸಿರಿನ ಮಾತಾಡ್ತೀಯಾ ನೀನು? ಒಂದ್ಸಲ ಊದಿದ ರಭಸಕ್ಕೆ ಮುಂದಿನ ಸಾಲಲ್ಲಿ ಕೂತಿದ್ದ ಜಡ್ಜ್ ಸಾಹೇಬರ ವಿಗ್ಗು ಹಾರಿ ದೀಪದ ಕಂಬಕ್ಕೆ ಸಿಕ್ಕಿ, ಅದರಲ್ಲಿ ಕಾಗೆ ಮೊಟ್ಟೆ ಇಟ್ಟಿತ್ತು!

ಅಂಗಡಿಯವನು: ವಿಗ್ಗಲ್ಲಿ?

ಅಜ್ಜ: ವಿಗ್ಗಲ್ಲೇ. ಹುಟ್ಟಿದ ನಾಲ್ಕು ಮರಿಗಳಿಗೂ ಪಕ್ಕಕ್ಕೆ ಬೈತಲೆ ಇತ್ತು.

ಬಾಗಿಲಲ್ಲಿ ನೆರಳು ಬಿತ್ತು. ಅಜ್ಜಿ. ಕೈಚೀಲದಿಂದ ಮೂರು ಗೋಲಿಯ ಯಂತ್ರ ತೆಗೆದು ಭರಣಿಗಳ ನಡುವೆ ಕುಕ್ಕಿದರು.

ಅಜ್ಜಿ: ಇದು ಬೀರು ಹಿಂದೆ ಏನ್ಮಾಡ್ತಿತ್ತು?

ಅಜ್ಜ: ವಿಶ್ರಾಂತಿ ತಗೋತಿತ್ತು. ಕೆಟ್ಟಿದೆ ಪಾಪ. ಎಷ್ಟು ಊದಿದ್ರೂ...

ಅಜ್ಜಿ: ಊದಿದ್ರಾ! ಇದನ್ನ ಊದೋದಲ್ಲ ರೀ, ಸೇದೋದು. ಉಸಿರನ್ನ ಒಳಕ್ಕೆ ಎಳ್ಕೊಳ್ಳೋದು. ಚೀಟೀಲಿ ಬರೆದಿಲ್ವಾ?

ಅಂಗಡಿಯವನು ಚೀಟಿ ನೋಡಿದ. ಅಜ್ಜ ಛಾವಣಿ ನೋಡಿದರು.

ಅಂಗಡಿಯವನು: ಬರೆದಿದಾರೆ ಅಮ್ಮ. ಅದಕ್ಕೇ ನಾವು ಸಾದಾನೋ ಪರಿಮಳದ್ದೋ ಅಂತ...

ಅಜ್ಜಿ: ಅದನ್ನೂ ಕೇಳ್ಕೊಂಡೇ ಬಂದಿದೀನಿ. ಇವರ ಬುದ್ಧಿ ನನಗೆ ಗೊತ್ತಿಲ್ವಾ? "ಪರಿಮಳದ್ದಾದ್ರೆ ಪರವಾಗಿಲ್ವಾ ಡಾಕ್ಟ್ರೇ" ಅಂದೆ. "ಅಮ್ಮಾ, ಪರಿಮಳ ಮೂಗಿಗೆ, ಹೊಗೆ ಎದೆಗೆ. ಎದೆಗೆ ಮೂಗಿಲ್ಲ" ಅಂದ್ರು.

ಅಜ್ಜ: (ಗೆದ್ದವರಂತೆ) ಕೇಳಿಸ್ತೇನಯ್ಯಾ? ಹಾಗಾದ್ರೆ ಸಾದಾನೇ ಸರಿ!

ಅಜ್ಜಿ: ಹಾವಿಗೆ ಪೌಡರ್ ಹಚ್ಚಿದ್ರೂ ಹಾವೇ, ಹಚ್ಚದಿದ್ರೂ ಹಾವೇ. ಬೆಳಿಗ್ಗೆ ಮಗು ಕೇಳ್ತಿತ್ತು, "ಅಜ್ಜನ ಚಪ್ಪಲೀಲಿ ದಾರ ಯಾವಾಗ ಸಿಗುತ್ತೆ" ಅಂತ. ಏನು ಹೇಳ್ಲಿ?

ಅಜ್ಜ ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು. ನಳಿಗೆಯನ್ನು ತುಟಿಗಿಟ್ಟು ಸೇದಿದರು. ಮೊದಲನೆಯ ಗೋಲಿ ಎದ್ದಿತು, ನಡುಗಿತು, ಟಕ್ಕೆಂದು ಕೆಳಗೆ ಕೂತಿತು. ಉಳಿದೆರಡು ಕಣ್ಣೆತ್ತಿಯೂ ನೋಡಲಿಲ್ಲ. ಅಜ್ಜನಿಗೆ ಕೆಮ್ಮು ಬಂತು.

ಅಂಗಡಿಯವನು: ಹೆ ಹೆ! ನಲವತ್ತು ವರ್ಷದ ಉಸಿರು, ಒಂದು ಗೋಲಿ! ಸಾದಾ ಸೇದಿದ್ರೆ ಇಷ್ಟೇ. ಕೊಡಿ ಇಲ್ಲಿ, ಚೆರ್ರಿ ಎದೆ ಅಂದ್ರೇನು ಅಂತ ತೋರಿಸ್ತೀನಿ.

ನಳಿಗೆ ಒರೆಸಿಕೊಂಡು ಸೇದಿದ. ಕೆನ್ನೆ ಒಳಕ್ಕೆ ಹೋದವು, ಕಣ್ಣು ಹೊರಕ್ಕೆ ಬಂದವು. ಗೋಲಿಗಳು ಇದ್ದಲ್ಲೇ ಇದ್ದವು. ಯಂತ್ರವನ್ನು ಅಲ್ಲಾಡಿಸಿ ಇನ್ನೊಮ್ಮೆ ಸೇದಿದ. ಇದ್ದಲ್ಲೇ.

ಅಜ್ಜ: ಹಣ್ಣು ಇನ್ನೂ ಮಾಗಿಲ್ಲ ಅಂತ ಕಾಣುತ್ತೆ.

ಅಂಗಡಿಯವನು: (ಮೆಲ್ಲಗೆ) ಅಮ್ಮ, ಇದು ನಿಜವಾಗ್ಲೂ ಕೆಟ್ಟಿರಬಹುದಾ?

ಅಜ್ಜಿ ಸೆರಗಿನ ತುದಿಯಿಂದ ನಳಿಗೆ ಒರೆಸಿ ಒಮ್ಮೆ ಸೇದಿದರು. ಟಕ್, ಟಕ್, ಟಕ್. ಮೂರೂ ಗೋಲಿಗಳು ನೆತ್ತಿಗೇರಿ ಅಲ್ಲೇ ನಿಂತವು.

ಅಂಗಡಿಯವನು ಚೆರ್ರಿಯ ಭರಣಿಗೆ ಮುಚ್ಚಳ ಹಾಕಿದ.

ಅಂಗಡಿಯವನು: ಆ ಡಾಕ್ಟ್ರು ಎಷ್ಟು ಗಂಟೆವರೆಗೂ ಇರ್ತಾರೆ?

ಅಜ್ಜ: ಸೋಮವಾರಕ್ಕೆ ಇನ್ನೆಷ್ಟು ದಿನ ಇದೆ?

ಅಜ್ಜಿ: ಆರು.

ಅಜ್ಜ: ಆರು ದಿನ, ಎರಡು ಗೋಲಿ. ಆಗದೇ ಇರೋದೇನಲ್ಲ. (ಜೇಬಿನಿಂದ ಪೈಪ್ ತೆಗೆದು, ಹೆಬ್ಬೆರಳಿನಿಂದ ಒಮ್ಮೆ ಸವರಿ, ಅಜ್ಜಿಯ ಕೈಚೀಲಕ್ಕೆ ಹಾಕುತ್ತ) ತಗೋ. ದಯವಿಟ್ಟು ಅಟ್ಟದ ಮೇಲೆ ಮಾತ್ರ ಇಡಬೇಡ.

ಅಜ್ಜಿ: ಆಯ್ತು, ಬನ್ನಿ ಊಟಕ್ಕೆ.

ಅಜ್ಜ: ಬಂದೆ. ಒಂದು ಮಾತು ಹೇಳು. ಇಷ್ಟು ವರ್ಷ ನನ್ನ ಹೊಗೇಲೇ ಬಾಳಿದೋಳು ನೀನು. ಮೂರೂ ಗೋಲಿ ಹೇಗೆ ಏರಿಸ್ದೆ?

ಅಜ್ಜಿ: ದಿನಾ ನಿಮ್ಮನ್ನ ಊಟಕ್ಕೆ ಕೂಗೀ ಕೂಗೀ. ಏಳಿ ಮೇಲೆ!