ಅತ್ತೆಯ ಪೇಟಿ ಚಿಕಿತ್ಸೆ

ನನ್ನ ಸೋದರತ್ತೆಯ ಹಾಡಿನಿಂದ ರೋಗ ವಾಸಿಯಾದವರುಂಟು. ಸುಳ್ಳಲ್ಲ! ಸೊಂಟನೋವೆಂದು ವಾರಗಟ್ಟಲೆ ಮಲಗಿದ್ದ ನಮ್ಮ ದೊಡ್ಡಪ್ಪ, ಅತ್ತೆ ಹಾರ್ಮೋನಿಯಂ ಪೇಟಿ ಹೊತ್ತು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಹಿತ್ತಿಲ ಬಾಗಿಲಿನಿಂದ ಓಡಿದ. ಇದಕ್ಕಿಂತ ದೊಡ್ಡ ಪ್ರೂಫ್ ಬೇಕೆ?

ರಾಗದಿಂದ ಸಕಲ ಕಾಯಿಲೆಯೂ ಗುಣವಾಗುತ್ತದೆಂಬುದು ಅವಳ ಥಿಯರಿ. ಶೀತಕ್ಕೆ ಯಮನ್, ಅಜೀರ್ಣಕ್ಕೆ ಭೂಪ್. ತೊಂದರೆಯೆಂದರೆ, ಅವಳ ಕಂಠದಲ್ಲಿ ಎರಡೂ ಒಂದೇ ತರ ಕೇಳುತ್ತಿದ್ದವು. ಡೋಸ್ ತಪ್ಪಿದರೆ ಯಾರು ಹೊಣೆ?

ಅರವತ್ತರ ದಶಕದ ಆರಂಭ. ಕಾನ್ವೆಂಟಿನಲ್ಲಿ ಓದಿ ಬಂದ ನಾನು ಸಿದ್ದಾಪುರದಲ್ಲಿ ಅತ್ತೆ ಹಾಡು ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗೇ ಅಕ್ಕೋರಾಗಿ ಸೇರಿದೆ. ಅಲ್ಲಿ ಸುನಂದಾ ಎಂಬ ಹುಡುಗಿ. ಯಾರ ಮುಖವನ್ನೂ ನೋಡಳು, ಒಂದು ಮಾತೂ ಆಡಳು, ಕೂತಲ್ಲೇ ತೂಗುವಳು, ಗಂಟೆ ಬಾರಿಸಿದರೆ ಕಿವಿ ಮುಚ್ಚಿ ಚೀರುವಳು. ಈಗಿನವರು ಆಟಿಸಂ ಅನ್ನುತ್ತಾರೆ. ಆಗ ನಮ್ಮ ಊರಿನ ಸಭ್ಯರು ಇಟ್ಟಿದ್ದ ಹೆಸರುಗಳನ್ನು ಬರೆದರೆ ನನ್ನ ಕಾನ್ವೆಂಟಿನ ಸಿಸ್ಟರ್‌ಗಳು ಸ್ವರ್ಗದಿಂದಿಳಿದು ಸೋಪಿನಲ್ಲಿ ನನ್ನ ಬಾಯಿ ತೊಳೆದಾರು!

ಹಾವೇರಿ ಕಡೆಯ ಹೆಡ್ ಮಾಸ್ತರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಅಕ್ಕೋರ, ಇನ್‌ಸ್ಪೆಕ್ಟರ್ ಸಾಹೇಬ್ರು ಬರಾವ್ರದಾರ. ಅವರ ಮುಂದ ಈ ಹುಡುಗಿ ಚೀರಿದ್ಲಂದ್ರ ಹೆಸರು ತಗದು ಮನಿಗೆ ಕಳಸ್ತೀನಿ ನೋಡ್ರಿ."

"ಚೀರೂದಿಲ್ಲ ಸರ್. ನಾನು ಔಷಧ ಮಾಡ್ತೆ," ಎಂದಳು ಅತ್ತೆ. ಪಾಪ, ಹುಡುಗಿ!

ಮೊದಲ ಡೋಸ್ ಭೈರವಿ. ಅತ್ತೆ ಬಾಯಿ ತೆರೆದಳು, ಸುನಂದಾ ಮೇಜಿನಡಿ ಹೊಕ್ಕಳು. ನೆಂಟರೆಲ್ಲ ದಾಕ್ಷಿಣ್ಯಕ್ಕೆ ನುಂಗಿಕೊಂಡಿದ್ದ ವಿಮರ್ಶೆಯನ್ನು ಆ ಮಗು ಕ್ಷಣದಲ್ಲಿ ಮಂಡಿಸಿತು. ವಾಟ್ ಎ ಕ್ರಿಟಿಕ್!

"ಅತ್ತೆ, ನಿನ್ನ ಪೇಶಂಟ್ ಉಳಿತಿಲ್ಲೆ," ಎಂದು ಕೆಣಕಿದೆ.

"ಸುಮ್ನಿರೇ ಇಂಗ್ಲಿಷ್ ಕೂಸೆ! ನಿಂಗೆ ಎಂತ ಗೊತ್ತಿದ್ದು?"

ಅಷ್ಟರಲ್ಲಿ ಅತ್ತೆಗೆ ಗಂಟಲು ಕಟ್ಟಿತು. (ಯಾವ ರಾಗವೂ ಅದನ್ನು ಬಿಡಿಸಲಿಲ್ಲವೆ ಎಂದು ಕೇಳಬೇಡಿ.) ಹಾಡಲಾಗದೆ ಅವಳು ಪೇಟಿಯ ಒಂದೇ ಕೀ ಒತ್ತಿ, ಬೇಸರದಿಂದ ತಿದಿಯಿಂದ ಗಾಳಿ ಹಾಕುತ್ತ ಕೂತಳು. ಸಾ... ಸಾ... ಮೇಜಿನಡಿಯಿಂದ ಸುನಂದಾ ಹೊರಬಂದಳು. ಪೇಟಿಗೆ ಕಿವಿಯಾನಿಸಿದಳು. ಅವಳ ತೂಗಾಟ ತಿದಿಯ ಲಯಕ್ಕೆ ಹೊಂದಿತು. ಕೆಲವು ದಿನಗಳಲ್ಲಿ ಅದೇ ಸ್ವರದಲ್ಲಿ ಗುನುಗಿದಳು. ಆಮೇಲೆ ಆ ಗುನುಗಿನ ಬೆನ್ನೇರಿ ಒಂದೊಂದೇ ಮಾತು ಬಂತು.

ಗಂಟಲು ಬಿಟ್ಟ ಮೇಲೂ ಅತ್ತೆ ಅವಳೆದುರು ಹಾಡಲಿಲ್ಲ. ಹಾಡದೆ ಕೂತ ಅತ್ತೆ! ಸುದ್ದಿ ಕೇಳಿದ ಮನೆಯವರು ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.

ಇನ್‌ಸ್ಪೆಕ್ಟರ್ ಬಂದರು. ಜವಾನ ಅವರ ಗೌರವಾರ್ಥ ಗಂಟೆ ಸೀಳಿಹೋಗುವಂತೆ ಬಾರಿಸಿದ. ಸುನಂದಾ ಕಿವಿ ಮುಚ್ಚಿ ಬಾಯಿ ತೆರೆದಳು. ಅತ್ತೆ ಪೇಟಿಯಲ್ಲಿ ಸಾ ಹಿಡಿದಳು.

"ಓಹೋ, ಸಂಗೀತದ ಅಕ್ಕೋರು! ಎಲ್ಲಿ, ಒಂದು ಪದ ಹೇಳಿ ಕೇಳೋಣ," ಎಂದರು ಸಾಹೇಬರು.

ಜನ್ಮದಲ್ಲಿ ಮೊದಲ ಬಾರಿಗೆ ಅತ್ತೆಯನ್ನು ಒಬ್ಬರು ತಾವಾಗಿ ಹಾಡು ಎಂದದ್ದು! ಅದೂ ಗವರ್ನಮೆಂಟು! ನಾನು ಭಯದಿಂದ ಕಣ್ಣು ಮುಚ್ಚಿದೆ. ಏನೂ ಕೇಳಲಿಲ್ಲ, ಸಾ ಹೊರತು. ಕಣ್ಣು ತೆರೆದರೆ, ಅತ್ತೆ ತುಟಿ ಬಿಗಿಹಿಡಿದು ತಲೆಯಾಡಿಸುತ್ತಿದ್ದಳು. ಹುಡುಗಿಯ ಚೀರು ಬಾಯಲ್ಲೇ ನಿಂತಿತ್ತು.

ಮುಖ ಸಣ್ಣದಾದ ಸಾಹೇಬರು ಅವಳತ್ತ ತಿರುಗಿದರು. "ಹೆಸರೇನು?"

"ಸು...ನಂ...ದಾ."

"ಹೆಸರು ಕೇಳಿದರೆ ಇವಳೇಕೆ ಹಾಡ್ತಾಳೆ?"

"ಹಾಡೂದಲ್ಲ ಸರ್," ಎಂದಳು ಅತ್ತೆ, ತಿದಿ ನಿಲ್ಲಿಸದೆ. "ಮಾತಾಡ್ತಾ ಇದ್ದು ಕೂಸು."

ಹೆಸರು ತೆಗೆಯುವ ಮಾತನ್ನು ಹೆಡ್ ಮಾಸ್ತರು ಮತ್ತೆ ಎತ್ತಲಿಲ್ಲ. ಎಲ್ಲರೂ ಹೋದ ಮೇಲೂ ಅತ್ತೆಯ ಬೆರಳು ಆ ಕೀ ಮೇಲೇ ಇತ್ತು. ಅದರ ಮೇಲೆ, ಮೆಲ್ಲಗೆ, ಸುನಂದಾಳದು.