ನನ್ನ ನಿವೃತ್ತಿಯೂ ಮಾವನವರ ಅರ್ಹತೆಯೂ

ಮೂವತ್ತೊಂದನೆಯ ವಯಸ್ಸಿಗೇ ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಸಿಗುವ ಮರ್ಯಾದೆಯ ಬಗ್ಗೆ ಯಾರಾದರೂ ಒಂದು ಗ್ರಂಥ ಬರೆಯಬೇಕು. ನಾನೇ ಬರೆಯುತ್ತಿದ್ದೆ, ಆದರೆ ಒಗೆದ ಬಟ್ಟೆ ಹರವುವುದು ಬಾಕಿಯಿದೆ.

ನಾನು ಕಂಪ್ಯೂಟರ್ ಆಟದ ವೃತ್ತಿಪರ ಆಟಗಾರ. ಆಗಿದ್ದೆ. ನಮ್ಮದು ಐದು ಜನರ ತಂಡ, ಎದುರಿಗೆ ಇನ್ನೈದು ಜನ, ಪರದೆಯ ಮೇಲೆ ಒಂದು ಕೋಟೆ. ಅವರು ನುಗ್ಗಬೇಕು, ನಾವು ಕಾಯಬೇಕು, ಆಮೇಲೆ ಅದಲುಬದಲು. ಇಷ್ಟನ್ನೇ ದಿನಕ್ಕೆ ಹತ್ತು ಗಂಟೆಯಂತೆ ಒಂಬತ್ತು ವರ್ಷ ಮಾಡಿ, ಅದಕ್ಕೇ ಸಂಬಳವನ್ನೂ ಪಡೆದು, ಆ ಧೈರ್ಯದ ಮೇಲೆ ಮದುವೆಯನ್ನೂ ಆದೆ. ಕೋಟೆಯ ಬಾಗಿಲು ಕಾಯುವುದು ನನ್ನ ಪಾಲಿನ ಕೆಲಸವಾದ್ದರಿಂದ ಅಭಿಮಾನಿಗಳು ನನ್ನನ್ನು 'ಚಿಲಕ' ಎಂದು ಕರೆಯುತ್ತಿದ್ದರು. (ಹೆಂಡತಿಯೂ ಹಾಗೇ ಕರೆಯುತ್ತಾಳೆ. ಸ್ನಾನಕ್ಕೆ ಹೋದವನು ಬೇಗ ಹೊರಬರುವುದಿಲ್ಲ ಎಂಬುದು ಅವಳ ಅರ್ಥ.)

ಹೆಂಡತಿ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಕೂದಲೆಳೆಯ ವ್ಯತ್ಯಾಸವನ್ನೂ ಬಿಡದೆ ಗಾಜು ತಿದ್ದುತ್ತಾಳೆ, ಮನೆಗೆ ಬಂದು ಅದೇ ಶ್ರದ್ಧೆಯಿಂದ ಗಂಡನನ್ನು ತಿದ್ದುತ್ತಾಳೆ. ನಮ್ಮ ಜೊತೆಗೆ ಅವಳ ಅಪ್ಪ, ಅಂದರೆ ನನ್ನ ಮಾವನವರು. ಮೂವತ್ತಾರು ವರ್ಷ ರೈಲು ಓಡಿಸಿದ ಎಂಜಿನ್ ಡ್ರೈವರ್. ಊಟದ ತಟ್ಟೆಯನ್ನೂ ಮೇಜಿನ ಅಂಚಿಗೆ ಸಮಾನಾಂತರವಾಗಿ ಇಟ್ಟುಕೊಳ್ಳುವ ಮನುಷ್ಯ.

ನಾನು ನಿವೃತ್ತಿ ಘೋಷಿಸಿದ ದಿನ ಅವರು ಊಟ ಮಾಡುತ್ತಿದ್ದರು. ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗಿದ ಮೇಲೆ ಹೇಳಿದರು: "ನಿವೃತ್ತಿ ಆಗೋಕೆ ಮೊದಲು ವೃತ್ತಿ ಅಂತ ಒಂದಿರಬೇಕಲ್ಲ, ಅಳಿಯಂದ್ರೆ."

ನನ್ನ ನಿವೃತ್ತಿ ಸಾಮಾನ್ಯದ್ದಲ್ಲ, ಪ್ರತಿಭಟನೆಯ ನಿವೃತ್ತಿ. ವರ್ಷದ ದೊಡ್ಡ ಪಂದ್ಯಾವಳಿಗೆ ಅರ್ಹತಾ ಸುತ್ತು ನಡೆದಿತ್ತು. ಮೊದಲ ನಾಲ್ಕು ತಂಡಗಳಿಗೆ ಪ್ರವೇಶವೆಂದು ಸಾರಿದ್ದರು. ಇಪ್ಪತ್ತೆರಡು ತಂಡಗಳ ನಡುವೆ ಏಗಿ ನಾವು ನಾಲ್ಕನೆಯವರಾಗಿ ಬಂದೆವು. ಒಂದು ವಾರ ಬಿಟ್ಟು ಸಂಘಟಕರು ಅದೇ ನಾಲ್ಕನೆಯ ಸ್ಥಾನವನ್ನು ಇನ್ನೊಂದು ತಂಡಕ್ಕೆ 'ವಿಶೇಷ ಆಹ್ವಾನ'ದ ಮೇಲೆ ಕೊಟ್ಟುಬಿಟ್ಟರು. ಆ ತಂಡ ಅರ್ಹತಾ ಸುತ್ತಿನಲ್ಲಿ ಒಂದೇ ಒಂದು ಆಟವನ್ನೂ ಆಡಿರಲಿಲ್ಲ. ಆದರೆ ಅವರ ಹಿಂದೆ ಲಕ್ಷಾಂತರ ಅಭಿಮಾನಿಗಳಿದ್ದರು, ಅವರ ಅಂಗಿಯ ಮೇಲೆ ಜಾಗ ಸಾಲದಷ್ಟು ಜಾಹೀರಾತುಗಳಿದ್ದವು. ನಮ್ಮ ಹಿಂದೆ ಇದ್ದದ್ದು ಕುರ್ಚಿಯ ಬೆನ್ನು ಮಾತ್ರ.

ನಾನು ಕ್ಯಾಮೆರಾದ ಮುಂದೆ ಕುಳಿತು, "ನ್ಯಾಯವಿಲ್ಲದ ಕಣದಲ್ಲಿ ಈ ಚಿಲಕ ಇನ್ನು ಬೀಳುವುದಿಲ್ಲ" ಎಂಬ ಐತಿಹಾಸಿಕ ವಾಕ್ಯವನ್ನು ನುಡಿದು, ಹೆಡ್‌ಫೋನ್ ತೆಗೆದಿಟ್ಟೆ. ವಿಡಿಯೊ ನೋಡಿದ ಅಭಿಮಾನಿಗಳು ಕಣ್ಣೀರಿಟ್ಟರು. ಹೆಂಡತಿ ನೋಡಿ, "ಹಿಂದೆ ಟವೆಲ್ ನೇತಾಡ್ತಿದೆ" ಎಂದಳು.

ಆಮೇಲೆ ಎಂಟು ದಿನ ನಾನು ಊಟದ ಮೇಜಿನಲ್ಲಿ ಅನ್ಯಾಯವನ್ನು ಬಡಿಸಿದೆ. ಒಂಬತ್ತನೆಯ ದಿನ ಮಾವನವರು ಕೇಳಿದರು:

"ನಿಮ್ಮ ಆಟಕ್ಕೆ ರೂಲ್ಸ್ ಬುಕ್ ಇದೆಯಾ?"

"ಇದೆ. ನಲವತ್ತೆರಡು ಪುಟ."

"ಅದ್ರಲ್ಲಿ ಈ ಆಹ್ವಾನದ ಬಗ್ಗೆ ಏನಿದೆ?"

"ಓದಿಲ್ಲ."

"ಒಂಬತ್ತು ವರ್ಷ ಆಡಿದ್ದೀರಿ."

"ಕೊನೇಲಿ 'ಒಪ್ಪಿಗೆ' ಅಂತ ಒಂದು ಚೌಕ ಇರುತ್ತೆ ಮಾವ. ಅದನ್ನ ಒತ್ತುತ್ತೀವಿ."

ಅವರು ನನ್ನನ್ನು ನೋಡಿದ ರೀತಿ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಸಿಗ್ನಲ್ ನೋಡದೆ ಹಳಿ ಬದಲಿಸಿದವನನ್ನು ನೋಡುವ ನೋಟ ಅದು. ಮಗಳಿಂದ ನಲವತ್ತೆರಡು ಪುಟಗಳನ್ನೂ ಮುದ್ರಣ ಮಾಡಿಸಿಕೊಂಡು ಕೋಣೆ ಸೇರಿದರು. ಮೂರು ದಿನ ಬೆಳಗಿನ ವಾಕಿಂಗ್ ರದ್ದಾಯಿತು. ಆಗಾಗ ಬಾಗಿಲು ತೆರೆದು, "ಸರ್ವರ್ ಅಂದ್ರೆ ಬಡಿಸೋನಲ್ಲ ತಾನೆ?" ಎಂದು ಕೇಳಿ ಮತ್ತೆ ಒಳಗೆ ಹೋಗುತ್ತಿದ್ದರು. ನಾಲ್ಕನೆಯ ದಿನ ಪುಟ ಮೂವತ್ತೊಂದನ್ನು ತಂದು ನನ್ನ ಮುಂದಿಟ್ಟರು. ಯಾವ ತಂಡಕ್ಕಾದರೂ ಆಹ್ವಾನ ಕೊಡುವುದಿದ್ದರೆ ಅರ್ಹತಾ ಸುತ್ತಿನ ಮೊದಲ ಪಂದ್ಯಕ್ಕೆ ಮುಂಚೆಯೇ ಪ್ರಕಟಿಸಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

"ರೈಲು ಹೊರಟಾದ್ಮೇಲೆ ಟಿಕೆಟ್ ಇದ್ದೋನನ್ನ ಇಳಿಸಿ, ಬೇಕಾದೋನನ್ನ ಕೂರಿಸೋ ಹಾಗಿಲ್ಲ. ಅಷ್ಟೇ ವಿಷಯ," ಎಂದರು.

ಪತ್ರವನ್ನೂ ಅವರೇ ಬರೆದರು. ನಾನಾಗಿದ್ದರೆ ದ್ರೋಹ, ಸಂಚು, ಕರಾಳ ಇತ್ಯಾದಿ ಪದಗಳನ್ನು ಧಾರಾಳವಾಗಿ ಸುರಿಯುತ್ತಿದ್ದೆ. ಅವರದು ಬರೀ ಮೂರು ವಾಕ್ಯ: ನಿಯಮದ ಸಂಖ್ಯೆ, ಎರಡು ದಿನಾಂಕಗಳು, 'ದಯವಿಟ್ಟು ಉತ್ತರಿಸಿ'. ಕೆಳಗೆ ನಮ್ಮ ತಂಡದ ಕ್ಯಾಪ್ಟನ್‌ನ ಸಹಿ. ಹನ್ನೊಂದು ದಿನದ ಮೇಲೆ ಉತ್ತರ ಬಂತು. ಆಹ್ವಾನ ಹಿಂತೆಗೆದುಕೊಂಡಿದ್ದೇವೆ, ನಾಲ್ಕನೆಯ ಸ್ಥಾನ ನಿಮ್ಮದೇ, ತಪ್ಪಿಗೆ ವಿಷಾದಿಸುತ್ತೇವೆ.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಕ್ಯಾಪ್ಟನ್ ಫೋನ್ ಮಾಡಿ, "ಅಣ್ಣ, ಅನ್ಯಾಯ ಸರಿಹೋಯ್ತಲ್ಲ. ಇನ್ನೇನು, ವಾಪಸ್ ಬಾ" ಎಂದ.

"ಯೋಚಿಸಿ ಹೇಳ್ತೀನಿ," ಎಂದು ಫೋನ್ ಇಟ್ಟೆ. ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಅಂಗಡಿಗೆ ಹೊರಟುಹೋದಳು.

ಮಧ್ಯಾಹ್ನ ಬಾಲ್ಕನಿಯಲ್ಲಿ ಮಾವನವರು ಪಕ್ಕದಲ್ಲಿ ಬಂದು ಕುಳಿತರು. "ಗೆದ್ದೋನ ಮುಖ ಹೀಗಿರಲ್ಲ. ಏನು ವಿಷಯ?"

ನನ್ನ ಒಂದು ಸುಳ್ಳಿಗಾಗಿ ಆ ಮನುಷ್ಯ ನಲವತ್ತೆರಡು ಪುಟ ಓದಿದ್ದರು. ಇನ್ನೊಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಮಾವ, ಅನ್ಯಾಯ ಆಗಿದ್ದು ನಿಜ. ಆದ್ರೆ ನಾನು ಬಿಟ್ಟಿದ್ದು ಅದಕ್ಕಲ್ಲ. ಮಣಿಕಟ್ಟು ಕೈಕೊಟ್ಟಿದೆ. ನೋಡೋದು ನೋಡ್ತೀನಿ, ಬೆರಳು ಒಂದು ಕ್ಷಣ ತಡವಾಗಿ ಬರುತ್ತೆ. ಕೊನೇ ಮೂರು ಆಟದಲ್ಲೂ ಬಾಗಿಲು ಮುರಿದಿದ್ದು ನನ್ನ ಕಡೆಯಿಂದ್ಲೇ. ನಾನಿಲ್ದೆ ಇದ್ದಿದ್ರೆ ನಮ್ಮ ತಂಡದವರು ನಾಲ್ಕನೆಯವರಾಗಿ ಅಲ್ಲ, ಮೊದಲನೆಯವರಾಗಿ ಬರ್ತಿದ್ರು. ಆಗ ಈ ಗಲಾಟೆ ಸಿಕ್ತು. ಕೈಲಾಗದೆ ಬಿಟ್ಟ ಅನ್ನಿಸ್ಕೊಳ್ಳೋದಕ್ಕಿಂತ ಸಿಟ್ಟಲ್ಲಿ ಬಿಟ್ಟ ಅನ್ನಿಸ್ಕೊಳ್ಳೋದು ಚೆನ್ನಾಗಿತ್ತು."

ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು.

"ನಾನೂ ರಿಟೈರ್ ಆಗೋಕೆ ಎರಡು ವರ್ಷ ಮುಂಚೇನೇ ಕೆಲಸ ಬಿಟ್ಟೆ. ಯಾಕೆ ಗೊತ್ತಾ?"

"ಹೊಸ ಸಾಹೇಬರ ಜೊತೆ ಜಗಳ ಆಡಿ, ರಾಜೀನಾಮೆ ಮೇಜಿನ ಮೇಲೆ ಬಿಸಾಕಿ ಬಂದ್ರಂತೆ." ಮನೆಗೆ ಬಂದವರಿಗೆಲ್ಲ ಅವರು ಹೇಳುವ ಕತೆ ಅದು. ಕೇಳುವಾಗ ನನಗೂ ರೋಮಾಂಚನವಾಗುತ್ತಿತ್ತು.

"ಜಗಳ ಆಗಿದ್ದು ಹೌದು. ಆದ್ರೆ ಅದರ ಹಿಂದಿನ ವಾರ ಒಂದು ದೀಪ ಕೆಂಪೋ ಹಳದಿಯೋ ಗೊತ್ತಾಗ್ಲಿಲ್ಲ. ಒಂದೇ ಸಲ. ಏನೂ ಆಗ್ಲಿಲ್ಲ, ಗಾಡಿ ನಿಲ್ಲಿಸಿದೆ. ಹಿಂದೆ ಸಾವಿರ ಜನ ಮಲಗಿದ್ರು, ಯಾರಿಗೂ ಗೊತ್ತಾಗ್ಲಿಲ್ಲ. ನನಗೆ ಗೊತ್ತಾಯ್ತಲ್ಲ."

"ಇವಳಿಗೆ ಗೊತ್ತಾ?"

"ಕನ್ನಡಕ ಮಾಡಿಕೊಟ್ಟಿದ್ದು ಯಾರು? ಗಾಜು ನೋಡಿದ್ರೆ ಅವಳಿಗೆ ಗೊತ್ತಾಗಲ್ವಾ? ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ. ಜಗಳದ ಕತೆ ಹೇಳೋವಾಗೆಲ್ಲ ಪಕ್ಕದಲ್ಲಿ ನಿಂತು ಹೂಂ ಅಂತಾಳೆ."

ಆಗ ನನ್ನ ತಲೆಯಲ್ಲಿ ಏನೋ ಹೊಳೆದು, ಎದ್ದು ಅಡುಗೆಮನೆಗೆ ಹೋದೆ. ಸಾಲಾಗಿದ್ದ ಡಬ್ಬಿಗಳ ಮುಚ್ಚಳಗಳನ್ನು ಒಂದೊಂದಾಗಿ ಮುಟ್ಟಿದೆ. ಸಕ್ಕರೆ, ಬೇಳೆ, ಉಪ್ಪು, ಕಾಫಿಪುಡಿ. ಎಲ್ಲವೂ ಸಡಿಲ. ಬೆರಳ ತುದಿಗೇ ತೆರೆದುಕೊಳ್ಳುವಷ್ಟು. ಗಾಳಿಯಾಡದಂತೆ ಬಿಗಿಯಾಗಿ ಮುಚ್ಚುವುದೇ ನಮ್ಮ ಮನೆಯ ಶಾಸನ. ಕಳೆದ ವರ್ಷ ಒಂದು ಮುಚ್ಚಳ ಸರಿಯಾಗಿ ಹಾಕದ್ದಕ್ಕೆ ನನಗೆ ಅರ್ಧ ಗಂಟೆ ಉಪನ್ಯಾಸವಾಗಿತ್ತು. ಎಷ್ಟು ತಿಂಗಳಿಂದ ಅವಳು ಹೀಗೆ ಎಲ್ಲವನ್ನೂ ಸಡಿಲ ಬಿಡುತ್ತಿದ್ದಳೋ. ಮಣಿಕಟ್ಟಿನ ವಿಷಯವನ್ನು ಬಚ್ಚಿಟ್ಟಿದ್ದೇನೆ ಎಂದು ನಾನು ಅಂದುಕೊಂಡಿದ್ದೆ.

ಸಂಜೆ ಅವಳು ಬಂದಾಗ ಹೇಳಿದೆ: "ವಾಪಸ್ ಹೋಗಲ್ಲ ಕಣೆ. ನನ್ನ ಕೈಲಿ ಆಗಲ್ಲ."

"ಸರಿ," ಎಂದಳು. ಚಪ್ಪಲಿ ಬಿಟ್ಟು, ಚೀಲ ಇಟ್ಟು, ನನ್ನ ಬಲಗೈಯನ್ನು ಎಳೆದುಕೊಂಡು ಮಣಿಕಟ್ಟನ್ನು ಒತ್ತತೊಡಗಿದಳು. ಗಾಜು ಉಜ್ಜಿ ಒರಟಾದ ಬೆರಳುಗಳು. "ನಾಳೆ ಡಾಕ್ಟರ ಹತ್ರ ಹೋಗೋಣ. ಇನ್ನಾದ್ರೂ ಬರ್ತೀಯಲ್ಲ?"

ಬರುತ್ತೇನೆಂದೆ.

ಕ್ಯಾಪ್ಟನ್‌ಗೂ ನಿಜ ಹೇಳಿದೆ. ಅವನು, "ನಮಗೂ ಅನ್ನಿಸಿತ್ತು ಅಣ್ಣ. ನೀನೇ ಹೇಳ್ಲಿ ಅಂತ ಕಾಯ್ತಿದ್ವಿ" ಎಂದ. (ಇಡೀ ಜಗತ್ತೇ ನನ್ನ ಗುಟ್ಟನ್ನು ನನ್ನಿಂದ ಮುಚ್ಚಿಟ್ಟಿತ್ತು.) ನನ್ನ ಜಾಗಕ್ಕೆ ಮೀಸಲು ಆಟಗಾರ್ತಿ ಬರುವುದೆಂದಾಯಿತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಇನ್ನೊಂದು ವಿಷಯ. ನಮ್ಮ ಮ್ಯಾನೇಜರ್ ಬೇರೆ ತಂಡ ಸೇರಿಬಿಟ್ಟ. ಅನುಭವ ಇರೋರು, ತೂಕದ ಮನುಷ್ಯರು ಯಾರಾದ್ರೂ ಬೇಕು. ನಿಮ್ಮ ಮನೆಗೇ ಬಂದು ಕೇಳ್ಬೇಕು ಅಂತಿದ್ದೀನಿ."

ನಾನು ಆ ಕ್ಷಣವೇ ಒಪ್ಪಬಾರದೆಂದು ತೀರ್ಮಾನಿಸಿದೆ. ಒಂದೆರಡು ಸಲ ಬೇಡವೆನ್ನುವುದು, ಅವನು ಗೋಗರೆಯುವುದು, ಆಮೇಲೆ ಆಟದ ಹಿತದೃಷ್ಟಿಯಿಂದ ಭಾರವಾದ ಮನಸ್ಸಿನಿಂದ ಒಪ್ಪುವುದು. ಕನ್ನಡಿಯ ಮುಂದೆ ಭಾರವಾದ ಮನಸ್ಸನ್ನು ಅಭ್ಯಾಸ ಮಾಡಿದೆ. ಭಾನುವಾರ ಅವನು ಹೊಸ ಅಂಗಿಯ ಪೊಟ್ಟಣ ಹಿಡಿದು ಬಂದ. ನಾನು ಕೈ ಚಾಚಿದೆ.

"ಅಣ್ಣ," ಎಂದು ಪಿಸುಗುಟ್ಟಿದ, "ನಿಮ್ಮ ಮಾವನಿಗೆ ಯಾವ ಸೈಜ್ ಆಗುತ್ತೆ?"

ಮಾವನವರು ಒಂದು ಸಲವೂ ಬೇಡವೆನ್ನಲಿಲ್ಲ. "ಎಷ್ಟು ಗಂಟೆಗೆ ಹೊರಡಬೇಕು?" ಎಂದಷ್ಟೇ ಕೇಳಿದರು.

ಪಂದ್ಯದ ದಿನ ಮಧ್ಯಾಹ್ನ ನಾನೂ ಹೆಂಡತಿಯೂ ಸೋಫಾದ ಮೇಲೆ ಕುಳಿತು ನೇರಪ್ರಸಾರ ಹಾಕಿದೆವು. ವೇದಿಕೆ, ಬಣ್ಣದ ಬೆಳಕು, ಹತ್ತು ಸಾವಿರ ಜನರ ಕೂಗು. ನಮ್ಮ ಐದು ಆಟಗಾರರ ಹಿಂದೆ ಅರವತ್ತು ದಾಟಿದ ಒಬ್ಬ ಮನುಷ್ಯ, ಹೊಸ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ನೆಟ್ಟಗೆ ನಿಂತಿದ್ದರು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಆಟ ಶುರುವಾಗಲು ಹತ್ತು ನಿಮಿಷವಿದೆ ಎಂದು ತೋರಿಸಿ ಜಾಹೀರಾತು ಬಂತು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಮಾವನವರು.

ತಂತ್ರದ ಬಗ್ಗೆ ಕೇಳುತ್ತಾರೆಂದು ಬೆನ್ನು ನೇರ ಮಾಡಿಕೊಂಡು ಕುಳಿತೆ.

"ಅಳಿಯಂದ್ರೆ," ಗದ್ದಲದ ನಡುವೆ ಅವರ ದನಿ ಸಣ್ಣಗಿತ್ತು, "ಇಷ್ಟು ಜನದ ಮಧ್ಯೆ ಒಂಬತ್ತು ವರ್ಷ ಆಡಿದ್ರಾ ನೀವು?"

"ಹೂಂ ಮಾವ."

"ನನಗೆ ತಿಳೀಲಿಲ್ಲ ನೋಡಿ. ಏನೋ ಮನೇಲಿ ಕೂತು ಗುಂಡಿ ಒತ್ತೋದು ಅಂದ್ಕೊಂಡಿದ್ದೆ." ಆಮೇಲೆ ಕೇಳಿದರು, "ಕೈಕಾಲು ನಡುಗ್ತಿರಲಿಲ್ವಾ?"

"ನಡುಗ್ತಿತ್ತು. ಪ್ರತೀ ಸಲ."

"ಆಗ ಏನು ಮಾಡ್ತಿದ್ರಿ?"

"ನಿಮ್ಮ ಮಗಳಿಗೆ ಫೋನ್ ಮಾಡ್ತಿದ್ದೆ."



"ಹೌದಾ," ಎಂದರು ಮಾವನವರು. "ಹಾಗಾದ್ರೆ ನಿಮ್ಮ ಹತ್ರ ಯಾಕೆ ಮಾತಾಡ್ತಿದ್ದೀನಿ? ಫೋನ್ ಅವಳಿಗೆ ಕೊಡಿ."

ಕೊಟ್ಟೆ.